ಅಕ್ಕಚ್ಚಿನ ಬಾಲ್ದಿ

ಆ ದಿನ ಬೆಳಗ್ಗೆ ಮಾಡಿದ ಕೆಲಸಗಳು: ನೆನೆಹಾಕಿದ ಅಕ್ಕಿ ರುಬ್ಬಿದ್ದು, ನೀರುದೋಸೆ ಹೊಯ್ದು ಮಗಳಿಗೂ ಅವಳ ಅಪ್ಪನಿಗೂ ಡಬ್ಬಿ ಕಟ್ಟಿದ್ದು, ಬಸಳೆ ಚಪ್ಪರದ ಕೆಳಗೆ ಗುಡಿಸಿದ್ದು, ಬಿಳಿ ಕೋಟಿನ ಕಿತ್ತುಹೋದ ಗುಂಡಿ ಹೊಲಿದದ್ದು. ಆಮೇಲೆ ಪುತ್ತೂರಿನ ನಮ್ಮ ಕಚೇರಿಗೆ ಹೋಗಿ ಚೀಲ ತುಂಬಿದ್ದು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಹತ್ತಿ, ಕೈಗವಸು, ಬಿ.ಪಿ. ನೋಡುವ ಪಟ್ಟಿ, ನೋವಿನ ಮಾತ್ರೆಯ ಪೊಟ್ಟಣ, ದರ್ಜಿಯವರ ಅಳತೆ ಟೇಪು. ತೂಕದ ಯಂತ್ರವನ್ನೂ ಅಭ್ಯಾಸಬಲದಿಂದ ಎತ್ತಿ ಜೀಪಿನಲ್ಲಿಟ್ಟೆ. ಮತ್ತೆ ನೆನಪಾಗಿ ಇಳಿಸಿದೆ. ನೆಟ್ಟಣದ ಆ ಮನೆಗೆ ಅದು ಇನ್ನು ಬೇಕಾಗಿರಲಿಲ್ಲ.

ನಾನು ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರನ್ನೂ ಗುಣವಾಗದ ಕಾಯಿಲೆಯವರನ್ನೂ ನೋಡಿಕೊಳ್ಳುವ ನರ್ಸ್. ಪುತ್ತೂರು, ಸುಳ್ಯ, ಕಡಬ ಮೂರು ಕಡೆಗೂ ನಮ್ಮದು ಒಂದೇ ಜೀಪು. ನೆಟ್ಟಣದ ಮನೆಗೆ ನಾವು ಮೊದಲು ಹೋದದ್ದು ಗಂಡನಿಗಾಗಿ. ರೈಲ್ವೆ ಸ್ಟೇಶನ್ನಿನ ಹತ್ತಿರ ಅವರದೊಂದು ಸಣ್ಣ ಹೋಟೆಲ್ ಇತ್ತು. ರೈಲು ಇಳಿದು ಸುಬ್ರಹ್ಮಣ್ಯಕ್ಕೆ ಹೋಗುವವರೆಲ್ಲ ಅಲ್ಲಿ ಬನ್ಸ್ ತಿಂದು ಚಾ ಕುಡಿದು ಹೋಗುತ್ತಿದ್ದರು. ಊರೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿತ್ತು. ಮರೆವಿನ ರೋಗ ಶುರುವಾಗಿ, ಒಂದೇ ಚಾಕ್ಕೆ ನಾಲ್ಕು ಸಲ ಸಕ್ಕರೆ ಹಾಕುವುದು, ಎಣ್ಣೆ ಕಾಯಲಿಕ್ಕಿಟ್ಟು ಪ್ಲಾಟ್‌ಫಾರ್ಮಿಗೆ ಹೋಗಿ ಕೂರುವುದು ಜಾಸ್ತಿಯಾದ ಮೇಲೆ ಹೋಟೆಲ್ ಮುಚ್ಚಿದರು. ಹಿಂದೆ ಇದ್ದ ಎರಡು ಕೋಣೆಯೇ ಮನೆ. ಮುಂದಿನ ಕೋಣೆಯಲ್ಲಿ ಬೆಂಚು, ಮೇಜು, ತಿಂಡಿ ಇಡುವ ಗಾಜಿನ ಕಪಾಟು ಹಾಗೆಯೇ ಇದ್ದವು. ಅಣ್ಣನ ಮಟ್ಟಿಗೆ ಹೋಟೆಲ್ ಮುಚ್ಚಿರಲಿಲ್ಲ. ನಾವು ಒಳಗೆ ಕಾಲಿಟ್ಟ ಕೂಡಲೇ, "ಬನ್ನಿ, ಕೂತ್ಕೊಳ್ಳಿ, ಎಂತ ಕೊಡುದು?" ಎನ್ನುತ್ತಿದ್ದರು. ನಮ್ಮ ಡ್ರೈವರ್ ಪ್ರತಿ ಸಲ ಎರಡು ಗೋಳಿಬಜೆ ಹೇಳುತ್ತಿದ್ದ. ಅದು ಯಾವತ್ತೂ ಬರಲಿಲ್ಲ.

ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರ ಹೊಟ್ಟೆ ಉಬ್ಬಿದ್ದನ್ನು ಮೊದಲು ಕಂಡದ್ದು ನಮ್ಮ ಡಾಕ್ಟರಮ್ಮ, ಅಣ್ಣನ ಬೆನ್ನಿನ ಹುಣ್ಣು ನೋಡಲು ಬಂದ ದಿನ. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯಿತು. ಮೊದಲು ಔಷಧಿ ಹನಿಸಿ ಗಡ್ಡೆ ಸಣ್ಣದು ಮಾಡಬೇಕು, ಆಮೇಲೆ ಆಪರೇಶನ್. ಆದರೆ ಅಲ್ಲಿಯ ಕ್ಯಾನ್ಸರ್ ಡಾಕ್ಟರು ಅವರ ಮುಂಗೈ ಹಿಡಿದು ನೋಡಿ, "ಈ ಮೈಗೆ ಔಷಧಿ ತಡೆಯುವುದಿಲ್ಲ. ರಕ್ತದಲ್ಲಿ ಪ್ರೊಟೀನೇ ಇಲ್ಲ. ಮೈ ಹಿಡಿಸಿಕೊಂಡು ಬನ್ನಿ" ಎಂದು ವಾಪಸ್ಸು ಕಳಿಸಿದರು. ಹೀಗೆ ಅಕ್ಕನಿಗೆ ಮೈ ಬರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೈ ಬಂದರೆ ಔಷಧಿ, ಔಷಧಿ ಹಿಡಿದರೆ ಇನ್ನಷ್ಟು ಕಾಲ. ಬಾರದಿದ್ದರೆ ಏನೂ ಇಲ್ಲ. ಅದು ಅಕ್ಕನಿಗೂ ಗೊತ್ತಿತ್ತು.

ಪ್ರತಿ ಸಲ ಹೋದಾಗ ತೂಕದ ಯಂತ್ರವನ್ನು ಸಿಮೆಂಟು ನೆಲದಲ್ಲಿ ಸಮ ಇರುವ ಒಂದೇ ಜಾಗದಲ್ಲಿ ಇಡುತ್ತಿದ್ದೆ. ಅಕ್ಕ ಒಂದೇ ನೀಲಿ ಸೀರೆಯಲ್ಲಿ ಹತ್ತಬೇಕು, ಬಳೆ ತೆಗೆದಿಡಬೇಕು. ಮುಳ್ಳು ಅಲ್ಲೇ ನಿಲ್ಲುತ್ತಿತ್ತು. ಏರದಿದ್ದರೂ ಇಳಿಯಲಿಲ್ಲವಲ್ಲ ಎಂದು ಅವರ ತಮ್ಮನಿಗೆ ಸಮಾಧಾನ. ಈ ತಮ್ಮ ಪಕ್ಕದ ಮನೆಯವ, ಸ್ಟೇಶನ್ನಿನಲ್ಲಿ ರಿಕ್ಷಾ ಇಟ್ಟವ. ಆದರೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆಯಲ್ಲಿ ತೂಕದ ಯಂತ್ರವನ್ನು ನಂಬುವಂತಿಲ್ಲ. ಮಾಂಸ ಕರಗಿದಷ್ಟೇ ನೀರು ಏರಿದರೆ ಮುಳ್ಳು ಕದಲುವುದಿಲ್ಲ. ಹಾಗಾಗಿ ನಾನು ಟೇಪು ಹಿಡಿದು ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯನ್ನೂ, ಭುಜಕ್ಕೂ ಮೊಣಕೈಗೂ ನಡುವೆ ತೋಳನ್ನೂ ಅಳೆಯುತ್ತಿದ್ದೆ. ಹೊಟ್ಟೆ ದೊಡ್ಡದಾಗುತ್ತಿತ್ತು. ತೋಳು ಪ್ರತಿ ಸಲವೂ ಸಪೂರವಾಗುತ್ತಿತ್ತು. ಮೊದಲು ತುಂಬಿದ್ದ ರವಕೆಯ ತೋಳಿನೊಳಗೆ ಈಗ ನನ್ನ ಎರಡು ಬೆರಳು ಹೋಗುತ್ತಿದ್ದವು.

"ಅಕ್ಕ, ಊಟ ಮಾಡ್ತೀರಲ್ಲ ಸರಿಯಾಗಿ?"

"ಅಯ್ಯೋ ಸಿಸ್ಟರ್, ಮಾಡದೆ? ನೀವು ಕೊಟ್ಟ ಪ್ರೊಟೀನು ಪೌಡರು ನೋಡಿ, ಮುಗಿಲಿಕ್ಕೆ ಬಂತು."

ಡಬ್ಬಿ ನೋಡಿದೆ. ನಿಜವಾಗಿಯೂ ತಳ ಕಾಣುತ್ತಿತ್ತು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಅಣ್ಣ ನನ್ನನ್ನು ಕರೆದು, ಗಿರಾಕಿಯ ಹತ್ತಿರ ಗುಟ್ಟು ಹೇಳುವವರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದರು.

"ಈ ಹೆಂಗಸು ಯಾರು ಮಾರಾಯ್ರೆ? ದಿನಾ ಬರ್ತಾಳೆ, ಕೂರ್ತಾಳೆ, ಎಂತದೂ ತಿನ್ನುದಿಲ್ಲ. ಬೆಂಚು ಹಾಳು."

ನಾವೆಲ್ಲ ನಕ್ಕೆವು. ಅಕ್ಕನೂ ನಕ್ಕರು. ಆ ಮನೆಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದವರು ಅಣ್ಣ ಒಬ್ಬರೇ.

ಮರುವಾರ ಸಂಪಾಜೆಯ ಕಡೆಯ ಒಬ್ಬರು ರೋಗಿ ಆಸ್ಪತ್ರೆ ಸೇರಿದ್ದರಿಂದ ನಮ್ಮ ಕ್ರಮ ತಪ್ಪಿ, ಬೆಳಗ್ಗೆ ಹೋಗಬೇಕಾದಲ್ಲಿಗೆ ಊಟದ ಹೊತ್ತಿಗೆ ಹೋದೆ. ಅಣ್ಣ ಉಣ್ಣುತ್ತಿದ್ದರು. ಎದುರಿಗೆ ಕೂತ ಅಕ್ಕನ ಮುಂದೆ ಖಾಲಿ ಬಟ್ಟಲು. ಖಾಲಿಯೆಂದರೆ ಉಂಡು ಖಾಲಿಯಾದದ್ದಲ್ಲ, ತೊಳೆದು ಒರೆಸಿಟ್ಟದ್ದು. ಗಂಡ ತಲೆ ಎತ್ತಿದಾಗಲೆಲ್ಲ ಅದರಲ್ಲಿ ಬೆರಳಾಡಿಸಿ ಬಾಯಿಗೆ ಕೊಂಡುಹೋಗುತ್ತಿದ್ದರು. ಪಕ್ಕದಲ್ಲಿ ನನ್ನ ಪೌಡರು ಕಲಸಿದ ಲೋಟ. ಅದನ್ನು ಎತ್ತಿ ಕುಡಿದದ್ದು ಅಣ್ಣ.

ನಾನು ಗದರಿಸಲಿಲ್ಲ. ಚೀಲ ಇಳಿಸಿ ಹತ್ತಿರ ಕೂತೆ.

"ಎಷ್ಟು ಸಮಯದಿಂದ ಅಕ್ಕ?"

"ಒಪ್ಪೊತ್ತು ಸಿಸ್ಟರ್. ಪೂರ್ತಿ ಉಪವಾಸ ಎಂತ ಅಲ್ಲ. ಬೆಳಗ್ಗೆ ಒಂದು ಹೊತ್ತು ಗಂಜಿ ಕುಡಿತೇನೆ."

ನಮ್ಮ ಕಡೆ ಒಪ್ಪೊತ್ತು ಹೊಸತಲ್ಲ. ಸೋಮವಾರವೋ ಶನಿವಾರವೋ ಒಂದೇ ಹೊತ್ತು ಉಣ್ಣುವ ಹೆಂಗಸರು ಮನೆಮನೆಯಲ್ಲಿ ಇದ್ದಾರೆ, ನಮ್ಮ ಅತ್ತೆಯೂ ಇದ್ದರು. ದಿನಾ ಮಾಡುವವರನ್ನು ನಾನು ಕಂಡಿರಲಿಲ್ಲ. ವಿಷಯ ನಿಧಾನವಾಗಿ ಹೊರಗೆ ಬಂತು. ತಮ್ಮನ ಮೊಬೈಲಿನಲ್ಲಿ ಒಂದು ಭಾಷಣ ಬಂದಿತ್ತು. ಹಸಿದರೆ ಮೈಯ ಜೀವಕೋಶಗಳು ತಮ್ಮೊಳಗಿನ ಕಸವನ್ನು ತಾವೇ ತಿಂದು ಶುದ್ಧವಾಗುತ್ತವೆ, ಮರೆವಿನ ರೋಗವೆಂದರೆ ಮಿದುಳಿನಲ್ಲಿ ಕಸ ನಿಂತದ್ದು, ಉಪವಾಸವೇ ಅದಕ್ಕೆ ಮದ್ದು ಎಂದು ಕೋಟು ಹಾಕಿದ ಒಬ್ಬರು ಹೇಳಿದ್ದರು. ಅಕ್ಕ ಅದನ್ನು ಮೂರು ನಾಲ್ಕು ಸಲ ಹಾಕಿಸಿ ಕೇಳಿದರು. ಮರುದಿನವೇ ಅಣ್ಣನಿಗೆ ರಾತ್ರಿಯೂಟ ನಿಲ್ಲಿಸಿದರು. ಅಣ್ಣ ಕಪಾಟಿನ ಗಾಜಿಗೆ ಗುದ್ದಿದರು, ಅಕ್ಕನ ಜುಟ್ಟು ಹಿಡಿದು ಎಳೆದರು. ಮೂರನೆಯ ದಿನ ಪ್ಲಾಟ್‌ಫಾರ್ಮಿಗೆ ಹೋಗಿ, ರೈಲಿಗೆ ಕಾದವರ ಮುಂದೆ ಕೈ ಒಡ್ಡಿದರು. ಅಷ್ಟು ವರ್ಷ ಅದೇ ಸ್ಟೇಶನ್ನಿಗೆ ಊಟ ಹಾಕಿದ ಮನುಷ್ಯ.

"ಇವರಿಂದ ಆಗುದಿಲ್ಲ ಅಂತ ಗೊತ್ತಾಯ್ತು. ಮತ್ತೆ ಎಂತ ಮಾಡುದು? ಇವರ ಬದಲಿಗೆ ನಾನು ಹಿಡಿದೆ."

"ಬದಲಿಗೆ?"

"ಹಿಂದೆ ಇವರಿಗೆ ವಿಷಮಜ್ವರ ಬಂದಾಗ ನಾನು ಒಪ್ಪೊತ್ತು ಹಿಡಿದದ್ದು. ಎದ್ದು ಕೂತರಲ್ಲ? ಹೆಂಡತಿ ಹಿಡಿದ್ರೆ ಗಂಡನಿಗೆ ತಾಗ್ತದೆ ಸಿಸ್ಟರ್. ನಿಮಗೆ ಗೊತ್ತಿಲ್ಲದ್ದಾ?"

ಕೋಟು ಹಾಕಿದವರು ಏನು ಹೇಳಿದ್ದರೋ ಅದನ್ನು ಅಕ್ಕ ತಪ್ಪದೆ ಪಾಲಿಸುತ್ತಿದ್ದರು. ಬಾಯಿ ಮಾತ್ರ ಬೇರೆಯವರದು.

ಡಾಕ್ಟರಮ್ಮನಿಗೆ ಹೇಳಿದೆ. ಅವರು ನಮ್ಮ ಕಡೆಯವರೇ, ಬೆಟ್ಟಂಪಾಡಿಯವರು, ರೋಗಿಗಳ ಹತ್ತಿರ ಇಂಗ್ಲಿಷು ಸುರಿಯುವವರಲ್ಲ. ಮರುದಿನ ಬಂದು, ಅಕ್ಕನ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ನಾನು ಕೊಳವೆಯ ತುದಿಯನ್ನು ಬಾಟಲಿಗೆ ಹಿಡಿದು ಕೂತಿದ್ದೆ. ಹೆಚ್ಚು ತೆಗೆದರೆ ಬಿ.ಪಿ. ಇಳಿಯುತ್ತದೆಂದು ನಡುನಡುವೆ ನಿಲ್ಲಿಸಿ ನೋಡಬೇಕು, ಹೊತ್ತು ಹಿಡಿಯುವ ಕೆಲಸ. ಆ ಹೊತ್ತಿನಲ್ಲಿ ಡಾಕ್ಟರಮ್ಮ ವಿಷಯ ಎತ್ತಿದರು.

"ಅಕ್ಕ, ನಿಮ್ಮ ಹೋಟೆಲಲ್ಲಿ ದಿನಾ ಅಕ್ಕಚ್ಚು ಆಗ್ತಿತ್ತಲ್ಲ?"

ಅಕ್ಕಿ ತೊಳೆದ ನೀರು, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಒಂದು ಬಾಲ್ದಿಗೆ ಸೇರಿ ದನಕ್ಕೆ ಹೋಗುವುದಕ್ಕೆ ನಮ್ಮಲ್ಲಿ ಹೇಳುವ ಮಾತು ಅದು.

"ಆಗದೆ? ಎರಡೆರಡು ಬಾಲ್ದಿ. ಹಿಂದಿನ ಮನೆಯ ಹೆಂಗಸು ಬಂದು ಕೊಂಡುಹೋಗ್ತಿದ್ಲು, ಅವಳ ದನಕ್ಕೆ."

"ಹಾಂ. ಮೈಯ ಒಂದೊಂದು ಜೀವಕೋಶವೂ ಒಂದು ಹೋಟೆಲು ಅಂತ ಇಟ್ಕೊಳ್ಳಿ. ಒಳಗೆ ಸಾಮಾನು ಸವೆಯುದು, ಪ್ರೊಟೀನು ಮುದ್ದೆ ಕಟ್ಟುದು ದಿನಾ ಉಂಟು. ಕೋಶ ಅದನ್ನೆಲ್ಲ ಅಕ್ಕಚ್ಚಿನ ಬಾಲ್ದಿಗೆ ತುಂಬಿದ ಹಾಗೆ ಒಂದು ಚೀಲದಲ್ಲಿ ಸುತ್ತಿ, ಕರಗಿಸುವ ಜಾಗಕ್ಕೆ ಒಯ್ತದೆ. ಕರಗಿದ್ದು ಪುನಃ ಅಡುಗೆಗೆ. ಬಿಸಾಡುದು ಅಂತ ಇಲ್ಲ. ಹಸಿವಾದ್ರೆ ಈ ಕೆಲಸ ಜಾಸ್ತಿ ಆಗ್ತದೆ, ಅದು ಸುಳ್ಳಲ್ಲ. ಆದ್ರೆ ಅಣ್ಣನ ಮಿದುಳಲ್ಲಿ ಬಾಲ್ದಿ ತುಂಬ್ತಾ ಉಂಟು, ಕರಗಿಸುವ ಜಾಗಕ್ಕೆ ಹೋಗಿ ಮುಟ್ಟುದಿಲ್ಲ. ಸಾಲಾಗಿ ನಿಂತುಬಿಟ್ಟಿದೆ. ಉಪವಾಸದಿಂದ ಅದು ಖಾಲಿ ಆಗಿ ಮರೆವು ಹೋಯ್ತು ಅಂತ ಯಾರೂ ತೋರಿಸ್ಲಿಲ್ಲ ಅಕ್ಕ."

"ನನ್ನ ಗಡ್ಡೆಗೆ?"

"ಅದೇ ಕಷ್ಟ. ಗಡ್ಡೆ ಹುಟ್ಟುವ ಮೊದಲಾದ್ರೆ ಇದೇ ಕೆಲಸ ನಮ್ಮನ್ನು ಕಾಯ್ತದೆ, ಹಾಳಾದ ಸಾಮಾನು ಒಳಗೆ ಉಳಿಯದ ಹಾಗೆ. ಒಮ್ಮೆ ಗಡ್ಡೆ ಬೆಳೆದ ಮೇಲೆ ಅದು ಅಡುಗೆಕೋಣೆಗೆ ನುಗ್ಗಿ ಕೂತ ಕಳ್ಳನ ಹಾಗೆ. ನೀವು ಹೋಟೆಲಿಗೆ ಬಾಗಿಲು ಹಾಕಿದ್ರೆ ಅವನು ಸಾಯ್ತಾನೆ ಅಂತ ಇಲ್ಲ. ಹಿಂದಿನ ಅಕ್ಕಚ್ಚು ತಿಂದು ಬದುಕಿಯಾನು. ಹಸಿದು ಸಾಯುದು ನೀವು."

ಅಕ್ಕ ಬಾಟಲಿಗೆ ಬೀಳುವ ಹಳದಿ ನೀರನ್ನೇ ನೋಡುತ್ತಾ ಕೂತರು. ಮಾತು ತಾಗಿತು ಎಂದುಕೊಂಡೆ. ತಾಗಿತ್ತು ಕೂಡ, ಆದರೆ ಬೇರೆ ಕಡೆಗೆ.

"ಹಾಗಾದ್ರೆ ಇವರ ತಲೆಯಲ್ಲಿ ಬಾಲ್ದಿ ಎತ್ತುವವರು ಬರ್ಲಿಲ್ಲ. ಅಷ್ಟೇ ಅಲ್ವಾ ಡಾಕ್ಟ್ರೆ?"

"ಹೌದು, ಹಾಗೆ ಹೇಳ್ಬಹುದು."

"ಯಾವ ಹೋಟೆಲಿನವರೂ ಅಕ್ಕಚ್ಚು ತಾವು ಎತ್ತುದಿಲ್ಲ. ಬೇರೆಯವರೇ ಬಂದು ಎತ್ತುದು. ಆ ಹೆಂಗಸು ಬಾರದ ದಿನ ನಾನೇ ಎತ್ತಿಕೊಂಡು ಹೋಗಿ ಕೊಟ್ಟು ಬರ್ತಿದ್ದೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಬಿ.ಪಿ. ನೋಡಿದೆ.

ಜೀಪಿನಲ್ಲಿ ಬರುವಾಗ ಅವರು, "ಇದ್ದ ಒಪ್ಪೊತ್ತಿಗೆ ನಾನು ಇನ್ನೊಂದು ಆಧಾರ ಕೊಟ್ಟು ಬಂದೆ ಸಿಸ್ಟರ್" ಎಂದರು. ನಿಜವೇ ಆಯಿತು. ಅಲ್ಲಿಂದ ಮುಂದೆ, ಗಂಡನ ತಲೆಯ ಬಾಲ್ದಿ ಎತ್ತಬೇಕಾದವಳು ತಾನೇ ಎಂದು, ಅಕ್ಕ ಬೆಳಗ್ಗಿನ ಗಂಜಿಯನ್ನೂ ಅರ್ಧ ಮಾಡಿದರು. ಮುಚ್ಚುಮರೆಯೂ ಇರಲಿಲ್ಲ. ಡಾಕ್ಟರೇ ಒಪ್ಪಿದ ಮೇಲೆ ಏನು ಮುಚ್ಚುವುದು?

ಆಮೇಲೆ ತಮ್ಮನ ಸರದಿ. ಅವನಿಗೆ ಒಳಗೊಳಗೆ ಹೆದರಿಕೆ, ಹಾಗಾಗಿ ಬಾಯಿ ಜೋರು. ನನ್ನ ಎದುರಿಗೇ ಬಾಗಿಲಲ್ಲಿ ನಿಂತು ಶುರು ಮಾಡಿದ.

"ನೀನು ಸತ್ತ ಮೇಲೆ ಭಾವನ ಚಡ್ಡಿ ತೊಳೆಯುದು ಯಾರು? ನಾನಾ? ನಾನು ರಿಕ್ಷಾದಲ್ಲಿ ಹಾಕಿ ಯಾವುದಾದ್ರೂ ಆಶ್ರಮದ ಗೇಟಿನಲ್ಲಿ ಇಳಿಸಿ ಬರ್ತೇನೆ. ಹೇಳ್ಲಿಲ್ಲ ಅಂತ ಬೇಡ."

"ನಿನ್ನ ಮೊಬೈಲಲ್ಲಿ ಬಂದದ್ದಲ್ಲವಾ ಅದು?"

"ಮೊಬೈಲಲ್ಲಿ ಸಾವಿರ ಬರ್ತದೆ! ನೋಡಿ ಆಚೆ ಹಾಕುದು. ಅದನ್ನೇ ಹಿಡಿದು ಕೂರ್ಲಿಕ್ಕೆ ನಿನಗೆ ಎಂತ ಮಂಡೆ ಸಮ ಇಲ್ವಾ?"

"ಮಂಡೆ ಸಮ ಇಲ್ಲದ್ದು ಅವರಿಗೆ. ಅದಕ್ಕೇ ಹಿಡಿದದ್ದು."

ಅವನು ರಿಕ್ಷಾ ಏರಿ ಹೋದ. ಆಶ್ರಮದ ಮಾತು ಕೇಳಿದ ಮೇಲೆ ಅಕ್ಕನ ಹಟ ಇನ್ನೂ ಗಟ್ಟಿಯಾಯಿತು. ತಾನು ಹೋಗುವ ಮೊದಲು ಗಂಡನ ತಲೆ ನೆಟ್ಟಗಾಗಬೇಕು, ಸಮಯ ಕಡಿಮೆ ಉಂಟು ಎಂಬ ಲೆಕ್ಕ. ತೋಳಿಗೆ ಟೇಪು ಸುತ್ತುವಾಗ ಮೂಳೆಯ ಮೇಲೆ ಚರ್ಮ ಜಾರುತ್ತಿತ್ತು.

ನನಗೆ ದಾರಿ ತೋರಿದ್ದು ಅಣ್ಣನ ಬೈಗುಳ. ಒಂದು ದಿನ ಅಣ್ಣ ಕೊಟ್ಟ ಚಾವನ್ನು ನಮ್ಮ ಡ್ರೈವರ್ ಅರ್ಧ ಬಿಟ್ಟಾಗ, "ಬಿಡುದಾದ್ರೆ ಕುಡಿಲಿಕ್ಕೆ ಬರುದು ಯಾಕೆ? ನಾಳೆಯಿಂದ ಎದುರಿನ ಅಂಗಡಿಗೆ ಹೋಗಿ" ಎಂದು ಲೋಟ ಕಸಿದುಕೊಂಡರು. ಹಳೆಯ ಗಿರಾಕಿಗಳೆಲ್ಲ ಈ ಬೈಗುಳ ತಿಂದವರೇ. ಅಣ್ಣನ ಹೋಟೆಲಿನಲ್ಲಿ ಬಟ್ಟಲಲ್ಲಿ ಏನೂ ಬಿಡುವಂತಿರಲಿಲ್ಲವಂತೆ. ಹೆಂಡತಿಯ ಹೆಸರು ಹೋಗಿದೆ, ಮದುವೆ ಹೋಗಿದೆ, ಇದೊಂದು ಉಳಿದಿದೆ. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ, ಇನ್ನು ಅಕ್ಕನನ್ನು ಹೆಂಡತಿಯೆಂದು ಕೂರಿಸುವುದು ಬೇಡ, ಗಿರಾಕಿಯೆಂದೇ ಕೂರಿಸುತ್ತೇನೆ, ಬಡಿಸುವುದು ಅಣ್ಣನೇ ಎಂದೆ.

"ಅವರ ಬಾಯಿ ಗೊತ್ತುಂಟಲ್ಲ ಸಿಸ್ಟರ್? ಅಕ್ಕನಿಗೆ ನೋವಾಗ್ತದೆ."

"ಆಗ್ತದೆ ಡಾಕ್ಟ್ರೆ. ಅದಕ್ಕೇ ಕೇಳುದು."

ಡಾಕ್ಟರಮ್ಮ "ಮಾಡಿ" ಎಂದರು.

ಮರುದಿನ ಹೋಗಿ ಅನ್ನವನ್ನು ಮೆತ್ತಗೆ ಬೇಯಿಸಿದೆ, ತೊವ್ವೆಗೆ ತುಪ್ಪ ಹಾಕಿದೆ, ಪೌಡರನ್ನು ಮಜ್ಜಿಗೆಯಲ್ಲಿ ಕದಡಿಟ್ಟೆ. ಸೌಟನ್ನು ಅಣ್ಣನ ಕೈಗೆ ಕೊಟ್ಟು, "ಅಣ್ಣ, ಗಿರಾಕಿ ಬಂದಿದ್ದಾರೆ" ಎಂದೆ. ಅವರು ಹೆಗಲಿಗೆ ಕೈ ಒರೆಸುವ ಬೈರಾಸು ಹಾಕಿಕೊಂಡರು. ಅಕ್ಕನನ್ನು ನಾನೇ ತೋಳು ಹಿಡಿದು ಬೆಂಚಿನಲ್ಲಿ ಕೂರಿಸಿದೆ. ಅಣ್ಣ ಬಡಿಸಿದರು. ಒಂದು ಅಗುಳು ಹೊರಗೆ ಬೀಳಲಿಲ್ಲ. ಅಕ್ಕ ತಲೆ ಬಗ್ಗಿಸಿ ಕೂತರು.

"ಎಂತ, ರುಚಿ ಇಲ್ವಾ?"

"ಹಸಿವಿಲ್ಲ."

"ಹಸಿವಿಲ್ಲದವರು ಹೋಟೆಲಿಗೆ ಯಾಕೆ ಬಂದದ್ದು?" ಅಣ್ಣ ಬಗ್ಗಿ ಮುಖ ನೋಡಿದರು, ಕೈ ನೋಡಿದರು, ಕತ್ತಿನ ಮೂಳೆ ನೋಡಿದರು. "ಅಬ್ಬ ದೇವರೇ! ಒಣಗಿದ ಸೀಗಡಿ ಹಾಗೆ ಆಗಿದ್ದೀರಲ್ಲ. ಮನೆಯಲ್ಲಿ ಗಂಡ ಇಲ್ವಾ?"

"ಇದ್ದಾರೆ."

"ಇದ್ದೂ ಹೀಗಾ? ಒಂದು ಹಿಡಿ ಅನ್ನ ಹಾಕುದಿಲ್ವಾ ಅವ? ಎಂತ ಗಂಡಸು ಮಾರಾಯ್ರೆ! ಅಂಥವನನ್ನು ರೈಲಿಗೆ ಕೊಡ್ಬೇಕು."

"ಹಾಗೆ ಹೇಳ್ಬೇಡಿ. ಒಳ್ಳೆಯವರು ಅವರು."

"ಒಳ್ಳೆಯವನ ಹೆಂಡತಿ ಹೀಗೆ ಇರುದಿಲ್ಲ. ತಾನು ಮುಕ್ಕಿ ಹೆಂಡತಿಯನ್ನು ಒಣಗಿಸಿದವ ಅವ. ನಾನು ಕಂಡಿದ್ದೇನೆ ಇಂಥವರನ್ನು."

ಅಕ್ಕನ ಕಣ್ಣಿನ ನೀರು ತೊವ್ವೆಗೆ ಬಿತ್ತು. ನಾನು ಎದ್ದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಣ್ಣ ಇನ್ನೊಂದು ಮಾತು ಎತ್ತುವ ಮೊದಲೇ ಅಕ್ಕ ಅನ್ನಕ್ಕೆ ಕೈ ಹಾಕಿದರು.

"ಅವರನ್ನು ಬಯ್ಬೇಡಿ. ತಿಂತೇನೆ, ನೋಡಿ."

ಗಂಡನ ಮರ್ಯಾದೆಯನ್ನು ಗಂಡನ ಬಾಯಿಂದಲೇ ಉಳಿಸಲಿಕ್ಕೆ ಅವರು ದಿನಾ ಮಧ್ಯಾಹ್ನ ಉಂಡರು. ನಾನು ಬಾರದ ದಿನ ತಮ್ಮ ಬಂದು "ಭಾವ, ಗಿರಾಕಿ" ಎಂದು ಕೂಗಿ ಸೌಟು ಕೊಡುತ್ತಿದ್ದ. ಅಣ್ಣನಿಗೆ ಹಿಂದಿನ ದಿನದ ನೆನಪಿಲ್ಲ. ಹಾಗಾಗಿ ಸೀಗಡಿ, ಮುಕ್ಕುವ ಗಂಡ, ರೈಲು, ಎಲ್ಲವೂ ದಿನಾ ಹೊಸದಾಗಿಯೇ ಬರುತ್ತಿತ್ತು. ಅಕ್ಕನಿಗೆ ಮಾತ್ರ ಎಲ್ಲ ನೆನಪಿರುತ್ತಿತ್ತು. ತೋಳಿನ ಅಳತೆ ಮೊದಲು ನಿಂತಿತು, ಆಮೇಲೆ ಸ್ವಲ್ಪ ಏರಿತು. ಅಂಗಳದವರೆಗೆ ಹೋಗಲಾರದವರು ರಸ್ತೆಯವರೆಗೆ ನಡೆದರು. ರಕ್ತದ ಪ್ರೊಟೀನು ಸಾಕೆನ್ನುವ ಮಟ್ಟಕ್ಕೆ ಬಂದ ದಿನ ತಮ್ಮ ನನ್ನ ಡ್ರೈವರನಿಗೆ ನಿಜವಾದ ಗೋಳಿಬಜೆ ತಂದುಕೊಟ್ಟ.

ಮಂಗಳೂರಿಗೆ ನೆಟ್ಟಣದಿಂದ ರೈಲಿನಲ್ಲಿ ಹೋದೆವು, ಅಕ್ಕ, ತಮ್ಮ ಮತ್ತು ನಾನು. ಔಷಧಿ ಹನಿಸುವ ಮೊದಲು ಮತ್ತೊಮ್ಮೆ ಸ್ಕ್ಯಾನ್ ಮಾಡಿದರು. ಕ್ಯಾನ್ಸರ್ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಯಕೃತ್ತಿಗೆ, ಶ್ವಾಸಕೋಶದ ಬುಡಕ್ಕೆ ಹರಡಿತ್ತು. ಇನ್ನು ಔಷಧಿ ಕೊಟ್ಟರೆ ಹಿಂಸೆ ಮಾತ್ರ ಎಂದರು. ಅಕ್ಕನನ್ನು ಹೊರಗೆ ಕೂರಿಸಿದ ಮೇಲೆ, "ಈ ಮೈ ಮೊದಲ ಸಲ ಬಂದಾಗ ಇದ್ದಿದ್ದರೆ ನೋಡಬಹುದಿತ್ತು" ಎಂದೂ ಹೇಳಿದರು. ಅಷ್ಟು ಒಳ್ಳೆಯ ತೋಳನ್ನು ಅವರು ಮುಟ್ಟಿಯೂ ನೋಡಲಿಲ್ಲ. ತಮ್ಮ ಗೋಡೆಗೆ ಮುಖ ಮಾಡಿ ನಿಂತ. ಮೊಬೈಲು ಅವನ ಜೇಬಿನಲ್ಲೇ ಹಾಡಿ ಹಾಡಿ ನಿಂತಿತು.

ವಾಪಸ್ಸು ಬರುವಾಗ ರೈಲಿನಲ್ಲಿ ಅಕ್ಕನಿಗೆ ನಾನೇ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಕೇಳಿದರು. ಮುಖದಲ್ಲಿ ಹೆದರಿಕೆಯೇನೂ ಕಾಣಲಿಲ್ಲ. ಏನೋ ಲೆಕ್ಕ ಹಾಕುವವರ ಹಾಗೆ ಇದ್ದರು.

"ಹಾಗಾದ್ರೆ ನನಗೆ ಇನ್ನು ಮೈ ಬೇಡ. ಅಲ್ವಾ ಸಿಸ್ಟರ್?"

ನಾನು ನೀರಿನ ಬಾಟಲಿ ತೆಗೆದು ಅವರ ಕೈಗೆ ಕೊಟ್ಟೆ.

"ಇನ್ನು ಒಪ್ಪೊತ್ತು ಹಿಡಿಬಹುದಲ್ಲ? ಯಾರಿಗೂ ನಷ್ಟ ಇಲ್ಲ."

ಬೇಡವೆನ್ನಲು ನನ್ನ ಹತ್ತಿರ ಇದ್ದ ಕಾರಣವನ್ನು ಮಂಗಳೂರಿನ ಡಾಕ್ಟರು ತೆಗೆದುಕೊಂಡಿದ್ದರು. ಹಸಿವೆಯಾದರೆ ಉಣ್ಣಿ, ಇಲ್ಲದಿದ್ದರೆ ಬೇಡ, ನೋವಿಗೆ ಮಾತ್ರೆ ನಾನು ತರುತ್ತೇನೆ ಎಂದೆ.

ತೂಕದ ಯಂತ್ರವನ್ನು ಜೀಪಿನಿಂದ ಇಳಿಸಿದ ದಿನವೆಂದರೆ ಅದಾದ ಮೇಲಿನ ಮೊದಲ ಭೇಟಿ. ಹೋಗುವಾಗ ಮಧ್ಯಾಹ್ನವಾಗಿತ್ತು. ಅಣ್ಣ ಉಂಡು ಕೈ ತೊಳೆದಿದ್ದರು. ಅಕ್ಕ ಬೆಂಚಿನ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಬಟ್ಟಲಿಟ್ಟು ನಟಿಸುವುದನ್ನೂ ಬಿಟ್ಟಿದ್ದರು. ನಾನು ಮಾತ್ರೆ ಕೊಟ್ಟು, ನೋವು ಎಷ್ಟುಂಟು, ಕಕ್ಕಸಿಗೆ ಸರಿಯಾಗಿ ಹೋಗುತ್ತದಾ ಎಂದು ಕೇಳಿ ಮುಗಿಸಿದೆ. ಅಣ್ಣ ಎದ್ದು ಬಂದರು. ಸೀಗಡಿ ಬರುತ್ತದೆ, ರೈಲು ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಣ್ಣ ಅಕ್ಕನ ಹಳೆ ಸೀರೆಯನ್ನೂ ಬರಿಗಾಲನ್ನೂ ನೋಡಿದರು. ಗಿರಾಕಿಯೆಂದೂ ಅವರಿಗೆ ಅನಿಸಲಿಲ್ಲ.

"ಇಲ್ಲಿ ಕೂರ್ಲಿಕ್ಕಿಲ್ಲ. ಗಿರಾಕಿಗಳು ಬರುವ ಹೊತ್ತು," ಎಂದರು. "ಹಿಂದಿನ ಬಾಗಿಲಿಗೆ ಬಾ. ಉಳಿದದ್ದು ಉಂಟು, ಕೊಡ್ತೇನೆ."

ನಾನು, "ಅಣ್ಣ, ಅದು..." ಎಂದೆ. ಅಕ್ಕ ನನ್ನ ಕೈ ಒತ್ತಿದರು. ಗೋಡೆ ಹಿಡಿದು ಎದ್ದು, ಒಳಗಿನಿಂದ ಹೋಗದೆ, ಅಂಗಳ ಸುತ್ತಿ ಹಿಂದಿನ ಮೆಟ್ಟಿಲಿಗೆ ಹೋಗಿ ಕೂತರು. ಅಣ್ಣ ಪಾತ್ರೆಯ ತಳದ ಅನ್ನ, ತಣಿದ ಸಾರು, ಸ್ವಂತ ಬಟ್ಟಲಿನಲ್ಲೇ ಮೊದಲ ಸಲ ಬಿಟ್ಟಿದ್ದ ಎರಡು ತುತ್ತು, ಎಲ್ಲವನ್ನೂ ಒಂದು ತಾಟಿಗೆ ಬಗ್ಗಿಸಿ, ಬಾಗಿಲಿನಿಂದಲೇ ಚಾಚಿ ಇಟ್ಟರು. ಅಕ್ಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವಸರವಿಲ್ಲದೆ, ಬೆರಳಿನಿಂದ ತಾಟು ಒರೆಸಿ ಉಂಡರು. ಬೇಡವೆನ್ನಲಿಲ್ಲ, ಅಳಲೂ ಇಲ್ಲ.

"ನೋಡಿ ಸಿಸ್ಟರ್," ಎಂದರು ಖಾಲಿ ತಾಟು ತೋರಿಸಿ. "ಅಕ್ಕಚ್ಚು ಎಲ್ಲ ನಾನೇ ಎತ್ತಿದೆ. ಅವರ ಹತ್ತಿರ ಇನ್ನು ಎಂತದೂ ಉಳಿಯಲಿಲ್ಲ."

ಆ ದಿನ ಆ ಮನೆಯಲ್ಲಿ ಉಂಡದ್ದು ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾರು, ಹಿಂದಿನ ದಿನದ ಮಜ್ಜಿಗೆ. ನಾನು ನೀರು ಕುಡಿದೆ. ಮೊದಲು ನಿದ್ದೆ ಹೋದದ್ದು ಅಕ್ಕ, ಮೆಟ್ಟಿಲಲ್ಲೇ, ಬಾಗಿಲ ದಾರಂದಕ್ಕೆ ತಲೆ ಕೊಟ್ಟು. ಅಣ್ಣ ತುಂಬ ಹೊತ್ತು ಬೆಂಚಿನ ಮೇಲೆ ಎಚ್ಚರವಾಗಿಯೇ ಇದ್ದರು, ಊಟಕ್ಕೆ ಇನ್ನೂ ಯಾರೋ ಒಬ್ಬರು ಬರಲಿಕ್ಕಿದ್ದಾರೆ ಎನ್ನುತ್ತಾ.